ಮಳೆಯ ಲೆಕ್ಕಕ್ಕೆ ಯಾವ ಆವೃತ್ತಿಯ ನಂಪೈ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಬಂದು ಸಂಶೋಧನೆ ಮಾಡುವ ಹುಡುಗ ಹುಡುಗಿಯರಲ್ಲಿ ಹಲವರು ಮಳೆಯನ್ನೇ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಅಡಿಕೆ ತೋಟದ ಮನೆಯಲ್ಲಿ ಬೆಳೆದವರಿಗೆ ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಹೇಗೆ ಹಿಡಿಯುತ್ತವೆ, ನಡುವೆ ಎಷ್ಟು ದಿನ ಹೊಳವು, ಅಂದರೆ ಮಳೆಯಿಲ್ಲದ ಬಿಡುವು, ಸಿಗುತ್ತದೆ ಎಂಬುದು ಮನೆಯ ವರ್ಷದ ಆದಾಯಕ್ಕೆ ಸಂಬಂಧಪಟ್ಟ ಪ್ರಶ್ನೆ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಹೊಳವು ಬೇಕು. ಹೊಳವೇ ಕೊಡದೆ ಮಳೆ ಹಿಡಿದರೆ ಕೊಳೆರೋಗ ತೋಟಕ್ಕೆ ತೋಟವನ್ನೇ ಆವರಿಸುತ್ತದೆ. ಹೀಗೆ ಬಿಡುವಿಲ್ಲದೆ ಸುರಿಯುವ ದಿನಗಳ ಸರಣಿ ಹಿಂದಿನ ದಶಕಗಳಿಗಿಂತ ಈಗ ಉದ್ದವಾಗಿದೆಯೇ, ಮೊಟಕಾಗಿದೆಯೇ ಎಂದು ಕೇಳುವವರಿಗೆ ಗಣಕದ ಕೆಲಸದಲ್ಲಿ ನೆರವಾಗುವುದು ಕೆಲವು ವರ್ಷಗಳಿಂದ ನನ್ನ ಕೆಲಸದ ಒಂದು ಭಾಗ. ಈ ಅವಧಿಯಲ್ಲಿ ನಾನು ಕಂಡದ್ದೇನೆಂದರೆ, ಅವರ ಸಮಯ ಮಳೆಯನ್ನು ಅರ್ಥಮಾಡಿಕೊಳ್ಳುವುದಕ್ಕಿಂತ ಹೆಚ್ಚಾಗಿ, ಇತರರು ಬರೆದಿಟ್ಟ ಸಿದ್ಧ ಕೋಡ್‌ನ ಕಟ್ಟಾದ ಒಂದು ಲೈಬ್ರರಿಯ (ನಂಪೈ ಅಂಥದ್ದೊಂದು) ಆವೃತ್ತಿ ಇನ್ನೊಂದರ ಆವೃತ್ತಿಯೊಂದಿಗೆ ಹೊಂದದೆ ನಿಂತುಹೋದ ತಂತ್ರಾಂಶವನ್ನು ಮತ್ತೆ ಓಡಿಸುವುದರಲ್ಲಿ ಕಳೆದುಹೋಗುತ್ತದೆ. ಸಮಯ ಹೋಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ, ಅದರ ಬಗ್ಗೆಯೇ ಇಲ್ಲಿ ವಿವರವಾಗಿ ಬರೆಯಬೇಕೆಂದಿದ್ದೇನೆ.

ಮೊದಲು ಈ ಕೆಲಸದ ಸ್ವರೂಪವನ್ನು ಹೇಳಬೇಕು. ಭಾರತೀಯ ಹವಾಮಾನ ಇಲಾಖೆ 1901ರಿಂದ ಈಚಿನ ದಿನವಹಿ ಮಳೆಯನ್ನು ದೇಶದಾದ್ಯಂತ 0.25 ಡಿಗ್ರಿ ಅಂತರದ ಚೌಕಗಳಾಗಿ ಹಂಚಿ ಕೊಡುತ್ತದೆ. ಒಂದೊಂದು ಚೌಕದ ಒಂದು ಬದಿ ನಮ್ಮ ಕಡೆ ಸುಮಾರು 27 ಕಿಲೋಮೀಟರ್. ಈ ದತ್ತಾಂಶ ನೆಟ್‌ಸಿಡಿಎಫ್ ಎಂಬ ಕಡತದ ರೂಪದಲ್ಲಿ ಸಿಗುತ್ತದೆ. ವಿದ್ಯಾರ್ಥಿಯ ಸ್ವಂತ ಪ್ರೋಗ್ರಾಂ ಬಹುಮಟ್ಟಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೆಲವು ನೂರು ಸಾಲುಗಳು ಮಾತ್ರ. ಆ ಸಾಲುಗಳು ಎಕ್ಸ್‌ಅರೇ ಮತ್ತು ಪಾಂಡಾಸ್ ಎಂಬ ಲೈಬ್ರರಿಗಳನ್ನು ಕರೆಯುತ್ತವೆ, ಅವು ಸಂಖ್ಯೆಗಳ ಲೆಕ್ಕ ಮಾಡುವ ನಂಪೈಯನ್ನು ಕರೆಯುತ್ತವೆ. ಕಡತವನ್ನು ತೆರೆಯುವ ಲೈಬ್ರರಿ ಸಿ ಭಾಷೆಯಲ್ಲಿ ಬರೆದ ನೆಟ್‌ಸಿಡಿಎಫ್ ಲೈಬ್ರರಿಯನ್ನು, ಅದು ಎಚ್‌ಡಿಎಫ್5 ಎಂಬ ಮತ್ತೊಂದು ಲೈಬ್ರರಿಯನ್ನು ನೆಚ್ಚಿಕೊಂಡಿರುತ್ತದೆ. ನಕ್ಷೆ ಬಿಡಿಸಬೇಕೆಂದರೆ ಜಿಡಾಲ್, ಪ್ರೋಜ್ ಮುಂತಾದ ಲೈಬ್ರರಿಗಳ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ. ಇವುಗಳನ್ನು ಬರೆದು ನೋಡಿಕೊಳ್ಳುವವರು ಬೇರೆ ಬೇರೆ ತಂಡಗಳವರು, ಅವುಗಳ ಹೊಸ ಆವೃತ್ತಿಗಳು ಬಿಡುಗಡೆಯಾಗುವುದು ಬೇರೆ ಬೇರೆ ದಿನ. ವಿದ್ಯಾರ್ಥಿ ತನ್ನ ಸಾಲುಗಳನ್ನು ಮುಟ್ಟದೆ ಇದ್ದರೂ ಅವಳ ಪ್ರೋಗ್ರಾಂನ ಬಹುಭಾಗ ಅವಳಿಗೆ ಅರಿವಿಲ್ಲದಂತೆ ಬದಲಾಗಬಹುದು ಎಂಬ ಮಾತು ಮೊದಲ ಬಾರಿ ಕೇಳಿದಾಗ ಯಾರಿಗೂ ನಂಬಿಕೆಯಾಗುವುದಿಲ್ಲ.

"ಸರ್, ನಿನ್ನೆ ರಾತ್ರಿ ಸರಿಯಾಗೇ ಓಡ್ತಿತ್ತು. ನಾನು ಒಂದು ಸಾಲೂ ಮುಟ್ಟಿಲ್ಲ" ಎಂದು ಒಬ್ಬ ವಿದ್ಯಾರ್ಥಿನಿ ಫೋನಿನಲ್ಲಿ ಹೇಳಿದಾಗ ಅವಳ ಮಾತು ಅಕ್ಷರಶಃ ನಿಜವಾಗಿತ್ತು. "ಬೇರೆ ಏನಾದರೂ ಇನ್‌ಸ್ಟಾಲ್ ಮಾಡಿದೆಯಾ?" ಎಂದು ಕೇಳಿದೆ. "ನಕ್ಷೆ ಬಿಡಿಸೋದಕ್ಕೆ ಒಂದು ಪ್ಯಾಕೇಜ್ ಹಾಕ್ಕೊಂಡೆ ಸರ್, ಅಷ್ಟೇ." ಆ ಪ್ಯಾಕೇಜ್ ಬರುವಾಗ ತನ್ನೊಂದಿಗೆ ನಂಪೈಯ ಹೊಸ ಆವೃತ್ತಿಯನ್ನೂ ಕರೆತಂದಿತ್ತು, ಹಳೆಯದು ಅಳಿಸಿಹೋಗಿ ಆ ಜಾಗದಲ್ಲಿ 2.0 ಕುಳಿತಿತ್ತು. ಮಳೆಯ ಕಡತವನ್ನು ತೆರೆಯುವ ಲೈಬ್ರರಿ ಅವಳಲ್ಲಿದ್ದದ್ದು ಹಳೆಯ ನಂಪೈಗಾಗಿ ಕಂಪೈಲ್ ಆದದ್ದು, ಅಂದರೆ ಯಂತ್ರದ ಭಾಷೆಗೆ ಪರಿವರ್ತನೆಯಾದದ್ದು. ಅದು ಶುರುವಾಗುವ ಮೊದಲೇ ಬಿದ್ದುಹೋಯಿತು.

ನಂಪೈ 2.0 ಬಿಡುಗಡೆಯಾದದ್ದು 2024ರ ಜೂನ್ ತಿಂಗಳಲ್ಲಿ. 2006ರಲ್ಲಿ 1.0 ಬಂದ ಮೇಲೆ ಮೊದಲ ಅಂಕಿ ಬದಲಾದದ್ದು ಅದೇ ಮೊದಲು, ಹಾಗಾಗಿ ಸುಮಾರು ಹದಿನೆಂಟು ವರ್ಷ ಕೂಡಿಟ್ಟಿದ್ದ ಬದಲಾವಣೆಗಳನ್ನು ಒಟ್ಟಿಗೆ ತರಲಾಯಿತು. ಅವುಗಳಲ್ಲಿ ಮುಖ್ಯವಾದದ್ದು ಕಂಪೈಲ್ ಆದ ಕೋಡ್‌ಗೆ ಸಂಬಂಧಿಸಿದ್ದು. ಪೈಥಾನ್‌ನಲ್ಲಿ ಬರೆದ ಸಾಲುಗಳು ನಂಪೈಯನ್ನು ಹೆಸರು ಹಿಡಿದು ಕರೆಯುತ್ತವೆ. ಸಿ ಅಥವಾ ಫೋರ್ಟ್ರಾನ್‌ನಲ್ಲಿ ಬರೆದು ಕಂಪೈಲ್ ಮಾಡಿದ ಭಾಗ ಹಾಗಲ್ಲ, ನಂಪೈಯ ಅರೇ (ಸಂಖ್ಯೆಗಳ ಸಾಲು) ಗಣಕದ ಸ್ಮೃತಿಯಲ್ಲಿ ಯಾವ ರೀತಿ ಜೋಡಣೆಯಾಗಿದೆ, ಯಾವ ಬೈಟ್‌ನಲ್ಲಿ ಏನಿದೆ ಎಂಬುದನ್ನು ಕಂಪೈಲ್ ಆಗುವ ಹೊತ್ತಿಗೇ ಅಚ್ಚೊತ್ತಿಕೊಂಡುಬಿಟ್ಟಿರುತ್ತದೆ. ಜೋಡಣೆ ಬದಲಾದರೆ ಆ ಭಾಗಕ್ಕೆ ತಿಳಿಯುವುದಿಲ್ಲ. ನಂಪೈ 1 ಇದ್ದಾಗ ಕಂಪೈಲ್ ಆದದ್ದು ನಂಪೈ 2ರಲ್ಲಿ ಓಡುವುದಿಲ್ಲ. ನಂಪೈ 2 ಇಟ್ಟುಕೊಂಡು ಕಂಪೈಲ್ ಮಾಡಿದ್ದು ಈಚಿನ ನಂಪೈ 1ರಲ್ಲೂ ಓಡುವಂತೆ ಆ ತಂಡ ವ್ಯವಸ್ಥೆ ಮಾಡಿತ್ತು. ಅವರು ತಿಂಗಳುಗಳ ಮೊದಲೇ ತಿಳಿಸಿದ್ದರು, ಪಾಂಡಾಸ್‌ನಂಥ ದೊಡ್ಡ ಲೈಬ್ರರಿಗಳು 2024ರ ಏಪ್ರಿಲ್‌ನ ತಮ್ಮ 2.2.2 ಆವೃತ್ತಿಯಲ್ಲೇ ಸಿದ್ಧವಾಗಿದ್ದವು. ತೊಂದರೆಯಾದದ್ದು ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ ಸಣ್ಣ ಪ್ಯಾಕೇಜ್‌ಗಳಿಗೆ ಮತ್ತು ಲ್ಯಾಬಿನ ಹಳೆಯ ಯಂತ್ರಗಳಲ್ಲಿ ಮೊದಲೇ ಕುಳಿತಿದ್ದ ಆವೃತ್ತಿಗಳಿಗೆ. ನಂಪೈ ತಂಡದವರನ್ನು ದೂಷಿಸುವವರನ್ನು ನಾನು ಒಪ್ಪುವುದಿಲ್ಲ. ಹದಿನೆಂಟು ವರ್ಷಗಳ ಹಳೆಯ ನಿರ್ಧಾರಗಳನ್ನು ಹೊತ್ತುಕೊಂಡೇ ಮುಂದೆ ಹೋಗಿ ಎಂದು ಅವರಿಗೆ ಹೇಳುವ ಅಧಿಕಾರ, ಒಂದು ಪೈಸೆಯನ್ನೂ ಕೊಡದೆ ಬಳಸುವ ನಮಗೆ ಇಲ್ಲ.

ಹಾಗಾದರೆ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಎಂಬ ಸಲಕರಣೆ ಏಕೆ ತಡೆಯಲಿಲ್ಲ? ಏಕೆಂದರೆ ಹಳೆಯ ಪ್ಯಾಕೇಜ್ ತನ್ನ ವಿವರದಲ್ಲಿ "ನಂಪೈ 1.17 ಅಥವಾ ಅದಕ್ಕಿಂತ ಹೊಸದು" ಎಂದಷ್ಟೇ ಬರೆದುಕೊಂಡಿರುತ್ತದೆ. ಅದನ್ನು ಬರೆದ ದಿನ 2.0 ಎಂಬುದು ಇರಲಿಲ್ಲ. ಪಿಪ್ ಲೆಕ್ಕದಲ್ಲಿ 2.0 ಸಹ "ಹೊಸದು", ಆದ್ದರಿಂದ ಎಲ್ಲವೂ ಸರಿಯಾಗಿದೆ ಎಂದು ಅದು ಮುಂದುವರಿಯುತ್ತದೆ. ಪೆಟ್ಟು ಬೀಳುವುದು ಓಡಿಸಿದಾಗ. ಇದಕ್ಕೆ ತಿರುಗಿಸಿದಂತೆ, ಒಂದು ಪ್ಯಾಕೇಜ್ "2ಕ್ಕಿಂತ ಕೆಳಗಿನದೇ ಬೇಕು" ಎಂದೂ ಇನ್ನೊಂದು "2 ಅಥವಾ ಮೇಲಿನದೇ ಬೇಕು" ಎಂದೂ ಹಟ ಹಿಡಿದರೆ, ಎರಡನ್ನೂ ಒಟ್ಟಿಗೆ ಹಾಕಲು ಹೊರಟಾಗ ಇನ್‌ಸ್ಟಾಲ್ ಹಂತದಲ್ಲೇ ಎಲ್ಲವೂ ನಿಲ್ಲುತ್ತದೆ, ಏಕೆಂದರೆ ಪೈಥಾನ್‌ನಲ್ಲಿ ಒಂದು ಪರಿಸರದೊಳಗೆ (ಪೈಥಾನ್ ಮತ್ತು ಅದರ ಲೈಬ್ರರಿಗಳ ಒಂದು ಪ್ರತ್ಯೇಕ ಜೋಡಣೆಯೊಳಗೆ) ಒಂದು ಲೈಬ್ರರಿಯ ಒಂದೇ ಆವೃತ್ತಿಗೆ ಜಾಗ. ಪ್ಯಾಕೇಜ್‌ಗಳು ಹತ್ತಾರು, ಪ್ರತಿಯೊಂದಕ್ಕೂ ಆವೃತ್ತಿಗಳು ಹತ್ತಾರು ಇರುವಾಗ ಎಲ್ಲರ ಷರತ್ತಿಗೂ ಹೊಂದುವ ಒಂದು ಕೂಟವನ್ನು ಹುಡುಕುವುದು ಗಣಿತದ ದೃಷ್ಟಿಯಿಂದಲೇ ಕಠಿಣವಾದ ಸಮಸ್ಯೆಗಳ ವರ್ಗಕ್ಕೆ ಸೇರುತ್ತದೆ. ಪಿಪ್‌ಗೆ ಈ ಹುಡುಕಾಟವನ್ನು ಕ್ರಮಬದ್ಧವಾಗಿ ಮಾಡುವ ಶಕ್ತಿ ಬಂದದ್ದೇ 2020ರ ಕೊನೆಗೆ, 20.3 ಆವೃತ್ತಿಯಲ್ಲಿ. ಮೇಲಿನ ಮಿತಿಯನ್ನು ಹಾಕಬೇಕೇ ಬೇಡವೇ ಎಂಬ ವಾದ ಪೈಥಾನ್ ವಲಯದಲ್ಲಿ ಬಹಳ ದಿನಗಳಿಂದ ನಡೆದಿದೆ. ನನ್ನ ತೀರ್ಮಾನ ಹೀಗಿದೆ: ಇತರರು ಬಳಸಲೆಂದು ಲೈಬ್ರರಿ ಬರೆಯುವವರು ಕಾರಣವಿಲ್ಲದೆ ಮೇಲಿನ ಮಿತಿ ಹಾಕಬಾರದು, ಹಾಕಿದರೆ ಮಿತಿಗಳು ಒಂದಕ್ಕೊಂದು ಅಡ್ಡ ಬಂದು ಯಾವ ಕೂಟವೂ ಸಿಗದಂತಾಗುತ್ತದೆ; ಆದರೆ ಒಂದು ಪ್ರಬಂಧದ ಫಲಿತಾಂಶವನ್ನು ಕೊಡುವ ಕೊನೆಯ ಪ್ರೋಗ್ರಾಂನಲ್ಲಿ ಪ್ರತಿಯೊಂದು ಲೈಬ್ರರಿಯ ಆವೃತ್ತಿಯೂ ಕೊನೆಯ ಅಂಕಿಯವರೆಗೆ ನಿಗದಿಯಾಗಿರಬೇಕು.

ಎಚ್‌ಡಿಎಫ್5ರ ಜಗಳ ಇದಕ್ಕಿಂತ ಸ್ವಲ್ಪ ಬೇರೆ. ಕಡತ ಓದುವ ಎರಡು ಪೈಥಾನ್ ಪ್ಯಾಕೇಜ್‌ಗಳು ಎಚ್‌ಡಿಎಫ್5ರ ತಮ್ಮ ತಮ್ಮ ಪ್ರತಿಯನ್ನು ಒಳಗೇ ಕಟ್ಟಿಕೊಂಡು ಬರುತ್ತವೆ, ಎರಡೂ ಒಂದೇ ಪ್ರೋಗ್ರಾಂನಲ್ಲಿ ಸೇರಿದಾಗ ಕೆಲವೊಮ್ಮೆ ಕಡತವೇ ತೆರೆಯುವುದಿಲ್ಲ. ಇಂಪೋರ್ಟ್ ಮಾಡುವ ಎರಡು ಸಾಲುಗಳನ್ನು ಹಿಂದುಮುಂದು ಮಾಡಿದರೆ ತೆರೆದುಕೊಳ್ಳುವುದೂ ಉಂಟು. ಕಾರಣ ತಿಳಿಯದ ವಿದ್ಯಾರ್ಥಿ ಅದನ್ನು ಮಂತ್ರದಂತೆ ನೆನಪಿಟ್ಟುಕೊಂಡು ಮುಂದಿನ ಬ್ಯಾಚಿನವರಿಗೂ ಹೇಳಿಕೊಡುತ್ತಾರೆ.

ಇಷ್ಟರವರೆಗೆ ಹೇಳಿದ್ದೆಲ್ಲ ಎದ್ದು ಕಾಣುವ ತೊಂದರೆಗಳು. ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತದೆ, ಕೆಲಸ ನಿಲ್ಲುತ್ತದೆ, ಬೇಸರವಾಗುತ್ತದೆ, ಆದರೆ ಪ್ರಬಂಧದೊಳಗೆ ತಪ್ಪು ಅಂಕಿ ಹೋಗುವುದಿಲ್ಲ. 2022ರ ಡಿಸೆಂಬರಿನಲ್ಲಿ ನಂಪೈ 1.24 ಬಂದು ಎನ್‌ಪಿ ಡಾಟ್ ಫ್ಲೋಟ್ ಎಂಬ ಹಳೆಯ ಹೆಸರನ್ನು ತೆಗೆದುಹಾಕಿದಾಗ ಎಷ್ಟೋ ಹಳೆಯ ಕೋಡ್‌ಗಳು ನಿಂತವು; 2023ರ ಏಪ್ರಿಲ್‌ನಲ್ಲಿ ಪಾಂಡಾಸ್ 2.0 ತನ್ನ ಅಪೆಂಡ್ ಎಂಬ ಸೌಲಭ್ಯವನ್ನು ಕೈಬಿಟ್ಟಾಗಲೂ ಹಾಗೆಯೇ ಆಯಿತು. ಅವು ಸರಿಪಡಿಸಬಹುದಾದವು. ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚುವುದು ನಿಲ್ಲದೆ ಓಡಿ, ಬೇರೆ ಉತ್ತರ ಕೊಡುವ ಪ್ರೋಗ್ರಾಂ.

ಇದಕ್ಕೊಂದು ಉದಾಹರಣೆಯನ್ನು ಯಾರು ಬೇಕಾದರೂ ಕುಳಿತು ಟೈಪ್ ಮಾಡಿ ನೋಡಬಹುದು. ಮಳೆಯ ಪ್ರಮಾಣವನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ, ದಶಮಾಂಶವಿಲ್ಲದ 16 ಬಿಟ್ ಸಂಖ್ಯೆಯಾಗಿ ಶೇಖರಿಸಿಡುವುದು ಜಾಗ ಉಳಿಸಲು ಇರುವ ಒಂದು ಪದ್ಧತಿ. ಋಣ ಸಂಖ್ಯೆಗಳಿಗೂ ಜಾಗವಿಟ್ಟ 16 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767, ಅಂದರೆ 3,276.7 ಮಿಲಿಮೀಟರ್. ಒಂದು ದಿನದ ಮಳೆಗೆ, ಸಾಮಾನ್ಯವಾಗಿ ಒಂದು ತಿಂಗಳ ಮಳೆಗೂ, ಇದು ಸಾಕಾಗುತ್ತದೆ. ಈಗ ಆಗುಂಬೆಯಂಥ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವ ಒಂದು ಸ್ಥಳವನ್ನು ತೆಗೆದುಕೊಳ್ಳೋಣ. ಜೂನ್ ಕೊನೆಯವರೆಗಿನ ಮೊತ್ತ ಕಡತದಿಂದ ಬಂದ 20,000 ಎಂಬ 16 ಬಿಟ್ ಸಂಖ್ಯೆ. ಅದಕ್ಕೆ ಜುಲೈನ 25,000, ಆಗಸ್ಟ್‌ನ 18,000 ಮತ್ತು ಉಳಿದ ತಿಂಗಳುಗಳ 7,000 ಅನ್ನು ಕೈಯಿಂದ ಟೈಪ್ ಮಾಡಿದ ಸಾಮಾನ್ಯ ಪೈಥಾನ್ ಸಂಖ್ಯೆಗಳಾಗಿ ಒಂದೊಂದಾಗಿ ಕೂಡಿಸುತ್ತೇವೆ. ನಂಪೈ 1ರಲ್ಲಿ ಮೊದಲ ಕೂಡಿಕೆಯಲ್ಲೇ ಮೊತ್ತ ದೊಡ್ಡ ಸಂಖ್ಯೆಯ ಪ್ರಕಾರಕ್ಕೆ ತಾನಾಗಿ ಬಡ್ತಿ ಪಡೆಯುತ್ತಿತ್ತು. ಕೊನೆಗೆ 70,000, ಅಂದರೆ 7,000 ಮಿಲಿಮೀಟರ್ ಎಂಬ ಸರಿಯಾದ ಉತ್ತರ ಬರುತ್ತಿತ್ತು. ನಂಪೈ 2ರ ಹೊಸ ನಿಯಮದ ಪ್ರಕಾರ ಸಾಮಾನ್ಯ ಪೈಥಾನ್ ಸಂಖ್ಯೆಗೆ ತನ್ನದೇ ಆದ ತೂಕವಿಲ್ಲ, ಅದು ಎದುರಿಗಿರುವ ನಂಪೈ ಸಂಖ್ಯೆಯ ಪ್ರಕಾರಕ್ಕೇ ಒಗ್ಗಿಕೊಳ್ಳುತ್ತದೆ. ಹಾಗಾಗಿ ಮೊತ್ತ 16 ಬಿಟ್‌ನಲ್ಲೇ ಉಳಿಯುತ್ತದೆ. ಜುಲೈ ಸೇರಿದಾಗ ಅದು ಮಿತಿ ದಾಟಿ ಋಣ 20,536 ಆಗುತ್ತದೆ, ಆಗಸ್ಟ್ ಸೇರಿದಾಗ ಋಣ 2,536, ಉಳಿದ ತಿಂಗಳುಗಳು ಸೇರಿದಾಗ 4,464. ಹತ್ತರಿಂದ ಭಾಗಿಸಿದರೆ ವರ್ಷದ ಮಳೆ 446.4 ಮಿಲಿಮೀಟರ್.

ಋಣ ಸಂಖ್ಯೆಯೇ ಕೊನೆಗೂ ಉಳಿದಿದ್ದರೆ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತಿತ್ತು. 446 ಮಿಲಿಮೀಟರ್ ಸಿಕ್ಕಿಬೀಳುವುದಿಲ್ಲ; ಚಳ್ಳಕೆರೆ ಕಡೆಯ ಒಣ ಸೀಮೆಗೆ ಅದು ಹೊಂದುವ ಅಂಕಿ. ಮಲೆನಾಡಿನವರು ಕಣ್ಣಾಡಿಸಿದರೆ ಗುರುತಿಸಿಯಾರು, ಆದರೆ ನೂರಾರು ಚೌಕಗಳ, ನೂರಕ್ಕೂ ಹೆಚ್ಚು ವರ್ಷಗಳ ಕೋಷ್ಟಕದೊಳಗೆ ಕುಳಿತ ಅಂಕಿಯನ್ನು ಯಾರೂ ಒಂದೊಂದಾಗಿ ಓದುವುದಿಲ್ಲ; ಸರಾಸರಿ ತೆಗೆದು ಗೆರೆ ಎಳೆದಾಗ "ಘಟ್ಟದ ಮಳೆ ಇಳಿಮುಖವಾಗಿದೆ" ಎಂಬ ತೀರ್ಮಾನವಾಗಿ ಅದು ಹೊರಬರುತ್ತದೆ. ಮಿತಿ ದಾಟಿದ ಕ್ಷಣದಲ್ಲಿ ನಂಪೈ ಒಂದು ಎಚ್ಚರಿಕೆಯನ್ನೇನೋ ಕೊಡುತ್ತದೆ. ಆದರೆ ಕೈಯಿಂದ ಕೈಗೆ ಬಂದ ಅದೆಷ್ಟೋ ಸ್ಕ್ರಿಪ್ಟ್‌ಗಳ ಮೂರನೆಯ ಅಥವಾ ನಾಲ್ಕನೆಯ ಸಾಲಿನಲ್ಲಿ ಎಲ್ಲ ಎಚ್ಚರಿಕೆಗಳನ್ನೂ ಮುಚ್ಚಿಹಾಕುವ ಆದೇಶ ಇದ್ದೇ ಇರುತ್ತದೆ. ಲೈಬ್ರರಿಗಳು ಹಳೆಯದಾಗುತ್ತ ಬಂದಂತೆ ಎಚ್ಚರಿಕೆಗಳು ಹೆಚ್ಚುತ್ತವೆ, ಅವು ಪರದೆ ತುಂಬಿದಾಗ ಯಾರೋ ಒಬ್ಬರು ಆ ಸಾಲು ಸೇರಿಸಿರುತ್ತಾರೆ, ಆಮೇಲೆ ಅದನ್ನು ತೆಗೆಯುವವರಿಲ್ಲ. ನನ್ನ ಬಳಿ ಬರುವ ಸ್ಕ್ರಿಪ್ಟ್‌ನಲ್ಲಿ ನಾನು ಮೊದಲು ಹುಡುಕಿ ಅಳಿಸುವುದು ಆ ಸಾಲನ್ನೇ.

ಹೊಸ ನಿಯಮ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಳೆಯ ನಿಯಮದಲ್ಲಿ ಉತ್ತರದ ಪ್ರಕಾರ ಸಂಖ್ಯೆಯ ಬೆಲೆಯನ್ನೇ ನೋಡಿ ನಿರ್ಧಾರವಾಗುವ ಸಂದರ್ಭಗಳಿದ್ದವು, ಅದರಿಂದ ಬೇರೆ ರೀತಿಯ ಗೊಂದಲಗಳಾಗುತ್ತಿದ್ದವು. ಹೊಸದು ಹೆಚ್ಚು ನಿಯತವಾಗಿದೆ. ಆದರೆ ಒಂದೇ ಕೋಡ್, ಒಂದೇ ದತ್ತಾಂಶ, ಎರಡು ಉತ್ತರ ಎಂಬ ಸ್ಥಿತಿ ನಿಜ. ಹೀಗಿರುವಾಗ ಪ್ರಬಂಧದ ವಿಧಾನದ ಅಧ್ಯಾಯದಲ್ಲಿ "ಪೈಥಾನ್ ಬಳಸಿ ವಿಶ್ಲೇಷಿಸಲಾಯಿತು" ಎಂದು ಒಂದೇ ವಾಕ್ಯ ಬರೆದು ಮುಗಿಸಿದರೆ, ಆ ವಿಶ್ಲೇಷಣೆಯನ್ನು ಮತ್ತೊಬ್ಬರು ಪರೀಕ್ಷಿಸುವ ದಾರಿಯೇ ಮುಚ್ಚಿಹೋಗುತ್ತದೆ. ಮಳೆಮಾಪಕದ ಬಾಯಿಯ ಅಗಲವನ್ನು ಬರೆಯದೆ ಎಷ್ಟು ನೀರು ತುಂಬಿತೆಂದು ಮಾತ್ರ ಬರೆದಿಟ್ಟ ವಹಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಇನ್ನೊಂದು ಅಡಚಣೆ ಕಾಲಮಾನದ್ದು. ವೈಜ್ಞಾನಿಕ ಪೈಥಾನ್‌ನ ಮುಖ್ಯ ಲೈಬ್ರರಿಗಳು ತಮ್ಮೊಳಗೆ ಒಪ್ಪಿಕೊಂಡಿರುವ ಒಂದು ಸೂತ್ರದ ಪ್ರಕಾರ ಪೈಥಾನ್‌ನ ಯಾವುದೇ ಆವೃತ್ತಿಯನ್ನು ಅದು ಬಿಡುಗಡೆಯಾದ ಮೂರು ವರ್ಷದವರೆಗೆ, ಪರಸ್ಪರರ ಆವೃತ್ತಿಗಳನ್ನು ಎರಡು ವರ್ಷದವರೆಗೆ ಬೆಂಬಲಿಸಿದರೆ ಸಾಕು. ನಿರ್ವಹಿಸುವವರ ಹೊರೆಯನ್ನು ನೋಡಿದರೆ ಇದು ನ್ಯಾಯವಾದ ಸೂತ್ರ. ಆದರೆ ನಮ್ಮಲ್ಲಿ ಒಂದು ಪಿಎಚ್‌ಡಿ ಮುಗಿಯಲು ನಾಲ್ಕೈದು ವರ್ಷ ಸಾಮಾನ್ಯ. ಮೊದಲ ವರ್ಷ ಬರೆದ ಕೋಡ್ ಕೊನೆಯ ವರ್ಷ ಪರೀಕ್ಷಕರು "ಈ ಚಿತ್ರವನ್ನು ಇನ್ನೊಂದು ಅವಧಿಗೆ ಬಿಡಿಸಿ ತೋರಿಸಿ" ಎಂದು ಕೇಳುವ ಹೊತ್ತಿಗೆ ಯಾರ ಬೆಂಬಲವೂ ಇಲ್ಲದ ಆವೃತ್ತಿಗಳ ಮೇಲೆ ನಿಂತಿರುತ್ತದೆ. ಆ ನಡುವೆ ಯಂತ್ರ ಕೆಟ್ಟು ಹೊಸದು ಬಂದಿದ್ದರೆ ಕಷ್ಟ ಇಮ್ಮಡಿಯಾಗುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.12 ತನ್ನೊಳಗಿದ್ದ ಡಿಸ್ಟ್‌ಯುಟಿಲ್ಸ್ ಎಂಬ ಕಟ್ಟುವ ಸಲಕರಣೆಯನ್ನೇ ತೆಗೆದುಹಾಕಿತು. ಹಳೆಯ ಫೋರ್ಟ್ರಾನ್ ಕೋಡ್‌ಗೆ ಪೈಥಾನ್ ಹೊದಿಕೆ ಹಾಕಿ ಬಳಸುತ್ತಿದ್ದ ಜಲವಿಜ್ಞಾನದವರಿಗೆ ಇದು ಬಲವಾದ ಪೆಟ್ಟು. ನಂಪೈ ಒದಗಿಸುತ್ತಿದ್ದ ಹಳೆಯ ಕಟ್ಟುವ ವಿಧಾನವೂ ಅದರೊಂದಿಗೇ ಹೋಯಿತು.

ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಳ್ಳಿ ಎಂದು ದೊಡ್ಡ ಊರಿನಲ್ಲಿ ಕುಳಿತವರು ಸುಲಭವಾಗಿ ಹೇಳುತ್ತಾರೆ. ಜುಲೈ ತಿಂಗಳಲ್ಲಿ ಹೊಸನಗರದಾಚೆಯ ಮನೆಯೊಂದರಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ, ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕ್ ಕೂಡ ಇಲ್ಲ. ಪಿಪ್‌ನಂತೆಯೇ ಲೈಬ್ರರಿಗಳನ್ನು ಇಳಿಸಿ ಜೋಡಿಸುವ ಕೋಂಡಾದ ಒಂದು ಪೂರ್ಣ ಪರಿಸರವೆಂದರೆ ನೂರಾರು ಎಂಬಿ ಡೌನ್‌ಲೋಡ್. ಅರ್ಧಕ್ಕೆ ನಿಂತರೆ ಮತ್ತೆ ಹಿಡಿಯಬೇಕು. ಕಾಲೇಜಿನ ಲ್ಯಾಬಿನಲ್ಲಿ ನೆಟ್ ಇದೆ, ಆದರೆ ಒಂದೇ ಯಂತ್ರವನ್ನು ಹಲವರು ಬಳಸುವುದರಿಂದ ಒಬ್ಬರ ಅಪ್‌ಡೇಟ್ ಇನ್ನೊಬ್ಬರ ಕೆಲಸವನ್ನು ಕೆಡಿಸುತ್ತದೆ. ನಾನು ನೋಡಿದ ಒಂದು ವಿಭಾಗದಲ್ಲಿ ಎಲ್ಲರಿಗೂ ಸೇರಿ ಒಂದೇ ಪೈಥಾನ್ ಇತ್ತು, ಪ್ರತ್ಯೇಕ ಪರಿಸರ ಮಾಡಿಕೊಳ್ಳಲು ಅನುಮತಿ ಕೇಳಿದ ವಿದ್ಯಾರ್ಥಿಗೆ ಡಿಸ್ಕ್‌ನಲ್ಲಿ ಜಾಗವಿಲ್ಲ ಎಂಬ ಉತ್ತರ ಸಿಕ್ಕಿತ್ತು.

ಆದ್ದರಿಂದ ನಾವು ಇಲ್ಲಿ ಅನುಸರಿಸುತ್ತಿರುವ ಕ್ರಮ ಈ ಸ್ಥಿತಿಗೆ ತಕ್ಕಂತೆ ರೂಪುಗೊಂಡದ್ದು. ಒಂದು ಅಧ್ಯಯನಕ್ಕೆ ಒಂದೇ ಪರಿಸರ. ಅದರೊಳಗೆ ಬೇರೆ ಪ್ರಯೋಗಗಳಿಗೆ ಪ್ರವೇಶವಿಲ್ಲ. ನಕ್ಷೆಯ ಪ್ಯಾಕೇಜ್ ಬೇಕಿದ್ದರೆ ಅದಕ್ಕೆ ಬೇರೆ ಪರಿಸರ ಮಾಡಿ, ಲೆಕ್ಕದ ಫಲಿತಾಂಶವನ್ನು ಕಡತವಾಗಿ ಬರೆದು ಅಲ್ಲಿ ತೆರೆಯುವುದು. ಮೊದಲ ಬಾರಿ ಎಲ್ಲವೂ ಓಡಿದ ದಿನವೇ ಪಿಪ್ ಫ್ರೀಝ್ ಎಂಬ ಆದೇಶ ಕೊಟ್ಟು ಬಂದ ಆವೃತ್ತಿಗಳ ಪಟ್ಟಿಯನ್ನು ಕೋಡ್‌ನೊಂದಿಗೆ ಇಡುವುದು. ಪಟ್ಟಿ ಮಾತ್ರ ಇದ್ದರೆ ನೆಟ್ ಬೇಕು, ಆದ್ದರಿಂದ ಪಟ್ಟಿಯಲ್ಲಿರುವ ಪ್ರತಿಯೊಂದರ ವೀಲ್ ಕಡತವನ್ನೂ (ಮೊದಲೇ ಕಟ್ಟಿ ಸಿದ್ಧಪಡಿಸಿದ ಇನ್‌ಸ್ಟಾಲ್ ಕಡತ) ಇಳಿಸಿಕೊಂಡು ಪೆನ್ ಡ್ರೈವ್‌ಗೆ ಹಾಕುವುದು; ನೆಟ್ ಕಡೆಗೆ ಹೋಗದೆ ಆ ಫೋಲ್ಡರಿನಿಂದಲೇ ಇನ್‌ಸ್ಟಾಲ್ ಮಾಡು ಎಂದು ಪಿಪ್‌ಗೆ ಹೇಳಲು ಬರುತ್ತದೆ. ಇಲ್ಲೊಂದು ಎಚ್ಚರ ಬೇಕು. ವೀಲ್ ಕಡತದ ಹೆಸರಿನಲ್ಲೇ ಅದು ಪೈಥಾನ್‌ನ ಯಾವ ಆವೃತ್ತಿಗೆ, ಯಾವ ಆಪರೇಟಿಂಗ್ ಸಿಸ್ಟಮ್‌ಗೆ ಎಂಬುದು ಇರುತ್ತದೆ, ಕಂಪೈಲ್ ಆದ ಭಾಗವಿರುವ ವೀಲ್ ಆದರೆ ಲಿನಕ್ಸ್ ಯಂತ್ರದಲ್ಲಿ ಇಳಿಸಿದ್ದು ಮನೆಯ ವಿಂಡೋಸ್ ಲ್ಯಾಪ್‌ಟಾಪಿಗೆ ಬಾರದು. ಸರಿಯಾದ ವೀಲ್ ಸಿಗದೆ ಹೋದಾಗ ಪಿಪ್ ಮೂಲ ಕೋಡನ್ನು ತೆಗೆದುಕೊಂಡು ಕಂಪೈಲ್ ಮಾಡಲು ಹೊರಡುತ್ತದೆ. ವಿಶುವಲ್ ಸಿ++ ಬೇಕು ಎಂಬ ಎರರ್ ಬರುವುದು ಆಗಲೇ. ಆ ಎರರ್ ಕಂಡ ಕೂಡಲೇ ಹಲವರು ಹಲವು ಜಿಬಿಯ ಕಂಪೈಲರ್ ಇಳಿಸಲು ಕೂರುತ್ತಾರೆ. ಬೇಕಾಗಿರುವುದು ಬಹುಪಾಲು ಅದಲ್ಲ, ಆ ಲೈಬ್ರರಿಗೆ ವೀಲ್ ಇರುವ ಪೈಥಾನ್ ಆವೃತ್ತಿ.

ಪಟ್ಟಿಯೇ ಉಳಿದಿಲ್ಲದ ಹಳೆಯ ಕೋಡ್ ಕೈಗೆ ಬಂದರೆ ಬೇರೆ ಉಪಾಯ ಮಾಡಬೇಕಾಗುತ್ತದೆ. 2024ರಲ್ಲಿ ಬಂದ ಯುವಿ ಎಂಬ ಸಲಕರಣೆಯಲ್ಲಿ ಒಂದು ದಿನಾಂಕವನ್ನು ಕೊಟ್ಟು, ಅದಕ್ಕಿಂತ ಈಚೆಗೆ ಬಿಡುಗಡೆಯಾದ ಏನನ್ನೂ ಪರಿಗಣಿಸಬೇಡ ಎಂದು ಹೇಳುವ ಅವಕಾಶವಿದೆ. ಪ್ರಬಂಧ ಸಲ್ಲಿಸಿದ ತಿಂಗಳನ್ನು ಕೊಟ್ಟರೆ ಅಂದು ಲಭ್ಯವಿದ್ದ ಲೈಬ್ರರಿಗಳ ಕೂಟ ಬಹುಮಟ್ಟಿಗೆ ಸಿಗುತ್ತದೆ. ಅದು ಅವರು ನಿಜವಾಗಿ ಬಳಸಿದ ಕೂಟವೇ ಎಂದು ಖಚಿತವಾಗಿ ಹೇಳಲಾಗದು, ಆದರೆ ಅಂದಿನ ಚಿತ್ರ ಮತ್ತೆ ಅದೇ ರೀತಿ ಬಂದರೆ ಮುಂದುವರಿಯಲು ಆಧಾರ ಸಿಕ್ಕಂತಾಗುತ್ತದೆ. ಆವೃತ್ತಿಗಳನ್ನು ನಿಗದಿ ಮಾಡಿ ಬೀಗ ಹಾಕಿದ ಪಟ್ಟಿಗೆ ಎಲ್ಲ ಸಲಕರಣೆಗಳೂ ಓದಬಲ್ಲ ಒಂದೇ ರೂಪವನ್ನು ಪೈಥಾನ್ ಸಮುದಾಯ 2025ರಲ್ಲಿ ಒಪ್ಪಿಕೊಂಡಿದೆ. ಇದು ತಡವಾಗಿ ಬಂದರೂ ಬಹಳ ಬೇಕಾಗಿದ್ದ ಕೆಲಸ.

ಆವೃತ್ತಿ ಬದಲಿಸಲೇಬೇಕಾದಾಗ ನಾವು ಮಾಡುವ ಪರೀಕ್ಷೆ ಸರಳವಾಗಿದೆ. ಶಿವಮೊಗ್ಗ ನಗರದ ಚೌಕ ಒಂದು, ಘಟ್ಟದಂಚಿನ ಚೌಕ ಒಂದು, ಲಿಂಗನಮಕ್ಕಿ ಜಲಾನಯನದ ಚೌಕ ಒಂದು, ಇವುಗಳ ಒಂದು ಮಳೆಗಾಲದ ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ ಬರೆದಿಟ್ಟಿರುತ್ತೇವೆ. ಹೊಸ ಪರಿಸರದಲ್ಲಿ ಪ್ರೋಗ್ರಾಂ ಮೊದಲು ಈ ಮೂರನ್ನು ಕಂಡುಹಿಡಿದು ಹೋಲಿಸುತ್ತದೆ, ವ್ಯತ್ಯಾಸ ಬಂದರೆ ಮುಂದೆ ಹೋಗುವುದಿಲ್ಲ. ಘಟ್ಟದಂಚಿನ ಚೌಕವನ್ನು ಬೇಕೆಂದೇ ಸೇರಿಸಿದ್ದೇವೆ. ಬಯಲುಸೀಮೆಯ ಅಂಕಿಗಳು 16 ಬಿಟ್‌ನ ಮಿತಿಯೊಳಗೇ ಉಳಿಯುವುದರಿಂದ, ಅವುಗಳಿಂದ ಮಾತ್ರ ಪರೀಕ್ಷಿಸಿದ ಪ್ರೋಗ್ರಾಂ ಮಲೆನಾಡಿನಲ್ಲಿ ತಪ್ಪಬಹುದು.

ಈ ವರ್ಷ ನಾನು ನೆರವಾಗುತ್ತಿರುವ ಪ್ರಬಂಧಗಳಲ್ಲಿ ಅನುಬಂಧಕ್ಕೆ ಒಂದು ಪುಟ ಹೆಚ್ಚಾಗಿ ಸೇರುತ್ತಿದೆ: ಪೈಥಾನ್‌ನ ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಪ್ರತಿಯೊಂದು ಲೈಬ್ರರಿಯ ಪೂರ್ಣ ಆವೃತ್ತಿ, ಹವಾಮಾನ ಇಲಾಖೆಯ ದತ್ತಾಂಶವನ್ನು ಇಳಿಸಿಕೊಂಡ ದಿನಾಂಕ. ಮಾರ್ಗದರ್ಶಕರೊಬ್ಬರು ಮೊದಲು ಇದನ್ನು ಅನಗತ್ಯವೆಂದು ತೆಗೆಸಲು ಹೇಳಿದ್ದರು. ಅವರ ಮುಂದೆಯೇ ಮೇಲೆ ಹೇಳಿದ ಆಗುಂಬೆಯಂಥ ಸ್ಥಳದ ಮಳೆಯ ನಾಲ್ಕು ಅಂಕಿಗಳನ್ನು ಎರಡು ಆವೃತ್ತಿಗಳಲ್ಲಿ ಕೂಡಿಸಿ ತೋರಿಸಿದ ಮೇಲೆ, ತಮ್ಮ ಹಿಂದಿನ ವಿದ್ಯಾರ್ಥಿಗಳ ಕೋಡ್‌ಗಳಿರುವ ಹಾರ್ಡ್ ಡಿಸ್ಕನ್ನು ಅವರೇ ತಂದುಕೊಟ್ಟಿದ್ದಾರೆ. ಅದರಲ್ಲಿ ಯಾವ ಕೋಡ್‌ಗೂ ಆವೃತ್ತಿಗಳ ಪಟ್ಟಿ ಇಲ್ಲ. ಒಂದೊಂದನ್ನೇ ಅದರದರ ಕಾಲದ ಲೈಬ್ರರಿಗಳೊಂದಿಗೆ ಓಡಿಸಿ, ಮುದ್ರಿತ ಪ್ರಬಂಧದ ಕೋಷ್ಟಕಗಳೊಂದಿಗೆ ತಾಳೆ ನೋಡುವ ಕೆಲಸವನ್ನು ಆರಂಭಿಸಿದ್ದೇವೆ.